ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಹೆಚ್ಚು ಬಟನ್‌ಗಳ ಯುಎಸ್‌ಬಿ ಮೌಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ಉಬುಂಟು, ಮಿಂಟ್, ಡೆಬಿಯನ್ ಅಥವಾ ಫೆಡೋರಾ ಹಾಕಿಕೊಂಡು ಡಿಟಿಪಿ, ಲೆಕ್ಕಪತ್ರ, ವಿನ್ಯಾಸ ಅಥವಾ ಬೋಧನೆಯ ಕೆಲಸ ಮಾಡುವವರಿಗಾಗಿ ಈ ಪುಟವನ್ನು ಸಿದ್ಧಪಡಿಸಲಾಗಿದೆ. ಕಮಾಂಡ್‌ಗಳ ಹೆಸರುಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಕೊಡಲಾಗಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಮೌಸ್ ಜೊತೆಗೆ ಬಂದ ಡ್ರೈವರ್ ವಿಂಡೋಸ್‌ಗೆ ಮಾತ್ರ ಇದೆ. ಲಿನಕ್ಸ್‌ಗೆ ಬೇರೆ ಡ್ರೈವರ್ ಹುಡುಕಬೇಕೇ?

ಬೇಕಾಗಿಲ್ಲ. ಯುಎಸ್‌ಬಿ ಮೌಸ್‌ಗಳು ಎಚ್‌ಐಡಿ ಎಂಬ ಸಾಮಾನ್ಯ ನಿಯಮಾವಳಿಯನ್ನು ಪಾಲಿಸುತ್ತವೆ. ಸಿಕ್ಕಿಸಿದ ಕೂಡಲೇ ಮೌಸ್ ತನ್ನಲ್ಲಿ ಎಷ್ಟು ಬಟನ್‌ಗಳಿವೆ, ಚಕ್ರ ಇದೆಯೇ, ಚಕ್ರ ಅಡ್ಡಕ್ಕೂ ಬಾಗುತ್ತದೆಯೇ ಎಂಬ ವಿವರವನ್ನು ಕಂಪ್ಯೂಟರಿಗೆ ತಾನೇ ತಿಳಿಸುತ್ತದೆ, ಮತ್ತು ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಮೊದಲೇ ಇರುವ ಯುಎಸ್‌ಬಿಎಚ್‌ಐಡಿ ಡ್ರೈವರ್ ಆ ವಿವರದಂತೆ ನಡೆದುಕೊಳ್ಳುತ್ತದೆ. ಕಂಪನಿಯ ವಿಂಡೋಸ್ ತಂತ್ರಾಂಶ ಮಾಡುವ ಕೆಲಸ ಬಹುಪಾಲು ಬಟನ್‌ಗಳಿಗೆ ಹೊಸ ಕೆಲಸ ಹಚ್ಚುವುದು, ದೀಪದ ಬಣ್ಣ ಬದಲಿಸುವುದು ಮತ್ತು ಡಿಪಿಐ (ಕೈ ಸರಿದಷ್ಟಕ್ಕೆ ಪಾಯಿಂಟರ್ ಎಷ್ಟು ಓಡಬೇಕೆಂಬ ಅಳತೆ) ಹೊಂದಿಸುವುದು. ಇವುಗಳಿಗೆ ಲಿನಕ್ಸ್‌ನಲ್ಲಿ ಬೇರೆ ದಾರಿಗಳಿವೆ.

ಮೌಸ್ ಕಂಪ್ಯೂಟರಿಗೆ ಕಾಣುತ್ತಿದೆಯೇ ಎಂದು ನೋಡಲು ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಸಾಕು. ಅದರ ಪಟ್ಟಿಯಲ್ಲಿ ಪ್ರತಿ ಸಾಧನದ ಎದುರು ತಯಾರಕರ ಸಂಖ್ಯೆ, ಒಂದರ ಮೇಲೊಂದು ಎರಡು ಚುಕ್ಕೆ, ಅನಂತರ ಮಾದರಿಯ ಸಂಖ್ಯೆ ಇರುತ್ತವೆ. ಈ ಜೋಡಿಯನ್ನು ಬರೆದಿಟ್ಟುಕೊಳ್ಳಿ. ಮುಂದೆ ಅದು ಬೇಕಾಗುತ್ತದೆ.

ಪಕ್ಕದ ಬಟನ್‌ಗೆ 4 ಎಂಬ ಸಂಖ್ಯೆ ಸಿಗಬೇಕಿತ್ತು. ಅದು 8 ಎಂದು ಬರುವುದೇಕೆ?

ಕರ್ನಲ್‌ನ ಲೆಕ್ಕ ಬೇರೆ, ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಎಕ್ಸ್ ವಿಂಡೋ ವ್ಯವಸ್ಥೆಯ ಲೆಕ್ಕ ಬೇರೆ. ಇವೆರಡನ್ನೂ ಬೆರೆಸಿಕೊಂಡರೆ ಮುಂದಿನ ಯಾವ ಹೆಜ್ಜೆಯೂ ಸರಿಹೋಗದು. ಕರ್ನಲ್‌ನ ಲೆಕ್ಕದಲ್ಲಿ ಎಡ ಬಟನ್ 272, ಬಲ ಬಟನ್ 273, ನಡುವಿನದು (ಚಕ್ರವನ್ನು ಒತ್ತುವುದು) 274, ಪಕ್ಕದ ಎರಡು ಬಟನ್‌ಗಳು 275 ಮತ್ತು 276. ಎಕ್ಸ್‌ನ ಲೆಕ್ಕದಲ್ಲಿ ಎಡ ಬಟನ್ 1, ನಡುವಿನದು 2, ಬಲ ಬಟನ್ 3. ಕರ್ನಲ್‌ನಲ್ಲಿ ಎರಡನೆಯದಾಗಿ ಬರುವ ಬಲ ಬಟನ್ ಎಕ್ಸ್‌ನಲ್ಲಿ ಮೂರನೆಯದಾಗುತ್ತದೆ ಎಂಬುದನ್ನು ಗಮನಿಸಬೇಕು.

ಎಕ್ಸ್ ವ್ಯವಸ್ಥೆಯ ಹನ್ನೊಂದನೆಯ ಆವೃತ್ತಿ 1987ರಲ್ಲಿ ಬಂದಾಗ ಮೌಸ್‌ಗಳಿಗೆ ಚಕ್ರವೇ ಇರಲಿಲ್ಲ. 1990ರ ದಶಕದಲ್ಲಿ ಚಕ್ರ ಬಳಕೆಗೆ ಬಂದಾಗ, ಚಕ್ರದ ಒಂದೊಂದು ಹಲ್ಲು ತಿರುಗುವುದನ್ನೂ ಒಂದು ಬಟನ್ ಒತ್ತಿದಂತೆ ಎಣಿಸುವ ಉಪಾಯವನ್ನು ಕಂಡುಕೊಂಡರು. ಮೇಲಕ್ಕೆ ತಿರುಗಿದರೆ 4, ಕೆಳಕ್ಕೆ 5, ಎಡಕ್ಕೆ ಬಾಗಿದರೆ 6, ಬಲಕ್ಕೆ 7. ಈ ನಾಲ್ಕು ಸಂಖ್ಯೆಗಳು ಚಕ್ರದ ಪಾಲಾಗಿರುವುದರಿಂದ ಪಕ್ಕದ ಬಟನ್‌ಗಳಿಗೆ 8 ಮತ್ತು 9 ಉಳಿದವು. ಬ್ರೌಸರ್‌ನಲ್ಲಿ 8 ಹಿಂದಿನ ಪುಟಕ್ಕೂ 9 ಮುಂದಿನ ಪುಟಕ್ಕೂ ಯಾವ ಹೊಂದಾಣಿಕೆಯೂ ಇಲ್ಲದೆ ಒಯ್ಯುತ್ತವೆ.

ಯಾವ ಬಟನ್ ಏನನ್ನು ಕಳಿಸುತ್ತಿದೆ ಎಂದು ತಿಳಿಯುವುದು ಹೇಗೆ?

ಈ ಪುಟದಲ್ಲಿ ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದೇ. ತಂತ್ರಾಂಶ ಹುಡುಕಲು ಹೊರಡುವ ಮುಂಚೆ, ಬಟನ್ ಒತ್ತಿದಾಗ ಕರ್ನಲ್‌ಗೆ ಏನು ತಲುಪುತ್ತಿದೆ ಎಂದು ಕಣ್ಣಾರೆ ನೋಡಬೇಕು. ಇವಿಟೆಸ್ಟ್ ಎಂಬ ಸಣ್ಣ ತಂತ್ರಾಂಶವನ್ನು ಹಾಕಿಕೊಂಡು, ಸುಡೋ (ನಿರ್ವಾಹಕರ ಅಧಿಕಾರ ಕೊಡುವ ಕಮಾಂಡ್) ಸೇರಿಸಿ ನಡೆಸಿದರೆ ಅದು ಸಾಧನಗಳ ಪಟ್ಟಿಯನ್ನು ತೋರಿಸಿ, ಯಾವುದನ್ನು ನೋಡಬೇಕೆಂದು ಕೇಳುತ್ತದೆ. ಮೌಸ್‌ನ ಸಂಖ್ಯೆ ಕೊಟ್ಟು ಒಂದೊಂದೇ ಬಟನ್ ಒತ್ತಿ ನೋಡಿ. ಇದೇ ಕೆಲಸವನ್ನು ಲಿಬ್‌ಇನ್‌ಪುಟ್ ಕಮಾಂಡ್‌ನ ಡೀಬಗ್-ಇವೆಂಟ್ಸ್ ಭಾಗವೂ ಮಾಡುತ್ತದೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಅದು ಲಿಬ್‌ಇನ್‌ಪುಟ್-ಟೂಲ್ಸ್ ಪ್ಯಾಕೇಜಿನಲ್ಲಿದೆ.

ಮೂರರಲ್ಲಿ ಒಂದು ಫಲಿತಾಂಶ ಕಾಣುತ್ತದೆ. ಬಟನ್ ಒತ್ತಿದಾಗ 275 ಅಥವಾ 276ರಂಥ ಮೌಸ್ ಸಂಖ್ಯೆ ಬಂದರೆ ಅದು ಸಾಧಾರಣ ಬಟನ್. ಅದನ್ನು ಹೇಗೆ ಬೇಕಾದರೂ ತಿರುಗಿಸಬಹುದು. ಮೌಸ್‌ನ ಸಾಲಿನಲ್ಲಿ ಏನೂ ಬರದೆ, ಅದೇ ಹೆಸರಿನ ಇನ್ನೊಂದು ಸಾಧನದಲ್ಲಿ ಅಂಕಿಯೋ ಅಕ್ಷರವೋ ಬಂದರೆ, ಆ ಬಟನ್ ಕೀಬೋರ್ಡಿನ ಕೀಲಿಯಂತೆ ನಡೆದುಕೊಳ್ಳುತ್ತಿದೆ ಎಂದರ್ಥ. ಎಲ್ಲಿಯೂ ಏನೂ ಬರದಿದ್ದರೆ ಆ ಬಟನ್ ಮೌಸ್‌ನ ಒಳಗೇ ಕೆಲಸ ಮುಗಿಸುತ್ತಿದೆ. ಡಿಪಿಐ ಬದಲಿಸುವ ಬಟನ್ ಹೆಚ್ಚಾಗಿ ಹೀಗಿರುತ್ತದೆ. ಈ ಮೂರನೆಯ ವರ್ಗದ ಬಟನ್‌ಗೆ ಡೆಸ್ಕ್‌ಟಾಪ್ ಸೆಟ್ಟಿಂಗ್ಸ್‌ನಲ್ಲಿ ಪರಿಹಾರ ಹುಡುಕುತ್ತ ಕೂರುವುದು ವ್ಯರ್ಥ.

ಎಲ್ಲರೂ ಹೇಳುವ ಎಕ್ಸ್‌ಇನ್‌ಪುಟ್ ಕಮಾಂಡ್ ನನ್ನಲ್ಲಿ ಕೆಲಸವನ್ನೇ ಮಾಡುತ್ತಿಲ್ಲ. ಏಕೆ?

ನಿಮ್ಮ ಡೆಸ್ಕ್‌ಟಾಪ್, ಎಕ್ಸ್‌ನ ಜಾಗಕ್ಕೆ ಬಂದ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಮೇಲೆ ನಡೆಯುತ್ತಿರಬಹುದು. ಮೌಸ್ ಬಟನ್‌ಗಳ ಕೆಲಸ ಬದಲಿಸುವ ಎಕ್ಸ್‌ಇನ್‌ಪುಟ್ ಮಾತನಾಡುವುದು ಎಕ್ಸ್ ಸರ್ವರ್‌ನೊಂದಿಗೆ ಮಾತ್ರ. ವೇಲ್ಯಾಂಡ್‌ನಲ್ಲಿ ಹಳೆಯ ತಂತ್ರಾಂಶಗಳಿಗಾಗಿ ಎಕ್ಸ್‌ವೇಲ್ಯಾಂಡ್ ಎಂಬ ಮಧ್ಯವರ್ತಿ ಸರ್ವರ್ ಇರುತ್ತದೆಯಾದರೂ ಅದಕ್ಕೆ ನಿಮ್ಮ ನಿಜವಾದ ಮೌಸ್ ಕಾಣುವುದಿಲ್ಲ, ಒಂದು ಕಲ್ಪಿತ ಪಾಯಿಂಟರ್ ಮಾತ್ರ ಕಾಣುತ್ತದೆ. ಆದ್ದರಿಂದ ಕಮಾಂಡ್ ಒಂದು ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತದೆ.

ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಸೆಟ್ಟಿಂಗ್ಸ್ ತೆರೆದು, ಕಂಪ್ಯೂಟರಿನ ಬಗೆಗಿನ ವಿವರಗಳ ಪುಟದಲ್ಲಿ ವಿಂಡೋಯಿಂಗ್ ಸಿಸ್ಟಮ್ ಎಂಬ ಸಾಲನ್ನು ನೋಡಿದರೆ ಯಾವುದು ನಡೆಯುತ್ತಿದೆ ಎಂದು ತಿಳಿಯುತ್ತದೆ. ಫೆಡೋರಾ 2016ರಿಂದ, ಡೆಬಿಯನ್ 2019ರಿಂದ, ಉಬುಂಟು 21.04ರಿಂದ ಗ್ನೋಮ್ ಡೆಸ್ಕ್‌ಟಾಪನ್ನು ಸಾಮಾನ್ಯವಾಗಿ ವೇಲ್ಯಾಂಡ್ ಮೇಲೆಯೇ ತೆರೆಯುತ್ತವೆ, ಉಬುಂಟು 25.10ರಲ್ಲಿ ಗ್ನೋಮ್‌ನ ಎಕ್ಸ್ ಆಯ್ಕೆಯನ್ನೇ ತೆಗೆಯಲಾಗಿದೆ. ಲಿನಕ್ಸ್ ಮಿಂಟ್‌ನ ಸಿನಮನ್ ಈಗಲೂ ಮುಖ್ಯವಾಗಿ ಎಕ್ಸ್ ಮೇಲೆ ನಡೆಯುತ್ತದೆ. ಮಿಂಟ್ ಇರುವ ಗೆಳೆಯರ ಸಲಹೆ ಉಬುಂಟು ಇರುವವರಿಗೆ ಫಲಿಸದಿರುವುದಕ್ಕೆ ಇದೇ ಕಾರಣ. ಹತ್ತು ವರ್ಷ ಹಳೆಯ ಸಲಹೆಗಳು ತಪ್ಪಲ್ಲ, ಆದರೆ ಅವು ಎಕ್ಸ್‌ಗೆ ಮಾತ್ರ ಸಲ್ಲುತ್ತವೆ.

ಎಕ್ಸ್ ಇದ್ದರೆ ಬಟನ್‌ಗಳನ್ನು ಬದಲಿಸುವ ಕ್ರಮವೇನು?

ಎಕ್ಸ್‌ಇನ್‌ಪುಟ್ ಲಿಸ್ಟ್ ಎಂದು ಕೊಟ್ಟರೆ ಸಾಧನಗಳ ಹೆಸರು ಮತ್ತು ಕ್ರಮಸಂಖ್ಯೆ ಕಾಣುತ್ತವೆ. ಅನಂತರ ಎಕ್ಸ್‌ಇನ್‌ಪುಟ್‌ಗೆ ಸೆಟ್-ಬಟನ್-ಮ್ಯಾಪ್ ಎಂಬ ಆಯ್ಕೆಯನ್ನೂ ಸಾಧನದ ಸಂಖ್ಯೆಯನ್ನೂ ಕೊಟ್ಟು, ಬಟನ್‌ಗಳ ಹೊಸ ಕ್ರಮವನ್ನು ಅಂಕಿಗಳ ಸಾಲಾಗಿ ಬರೆಯಬೇಕು. ಸಾಲಿನಲ್ಲಿ ಅಂಕಿ ಇರುವ ಸ್ಥಾನ ಒತ್ತಿದ ಬಟನ್‌ನದು, ಅಲ್ಲಿ ಬರೆದ ಅಂಕಿ ಆಗಬೇಕಾದ ಕೆಲಸದ್ದು. ಉದಾಹರಣೆಗೆ 1 2 3 4 5 6 7 2 9 ಎಂದು ಬರೆದರೆ ಎಂಟನೆಯ ಸ್ಥಾನದ ಪಕ್ಕದ ಬಟನ್ ನಡುವಿನ ಬಟನ್‌ನಂತೆ ಕೆಲಸ ಮಾಡುತ್ತದೆ. ಸೊನ್ನೆ ಬರೆದರೆ ಆ ಬಟನ್ ಸುಮ್ಮನಾಗುತ್ತದೆ. ಹೆಬ್ಬೆರಳು ತಾಗಿ ಬ್ರೌಸರ್ ಹಿಂದಕ್ಕೆ ಹೋಗಿ, ಅರ್ಧ ತುಂಬಿದ ಅರ್ಜಿ ಕಳೆದುಹೋಗುವ ತೊಂದರೆ ಇರುವವರಿಗೆ ಈ ಸೊನ್ನೆ ದೊಡ್ಡ ಉಪಕಾರ ಮಾಡುತ್ತದೆ.

ಇಲ್ಲಿ ಎರಡು ಮಿತಿಗಳಿವೆ. ಬಟನ್‌ಗೆ ಇನ್ನೊಂದು ಬಟನ್‌ನ ಕೆಲಸವನ್ನು ಮಾತ್ರ ಕೊಡಬಹುದು, ಕೀಬೋರ್ಡಿನ ಕೀಲಿಯ ಕೆಲಸವನ್ನು ಕೊಡಲಾಗದು. ಎರಡನೆಯದಾಗಿ, ಈ ಹೊಂದಾಣಿಕೆ ಲಾಗ್‌ಔಟ್ ಆಗುವವರೆಗೆ ಅಥವಾ ಮೌಸ್ ಕಿತ್ತು ಮತ್ತೆ ಸಿಕ್ಕಿಸುವವರೆಗೆ ಮಾತ್ರ ಉಳಿಯುತ್ತದೆ, ಮತ್ತು ಮರಳಿ ಸಿಕ್ಕಿಸಿದಾಗ ಸಾಧನದ ಕ್ರಮಸಂಖ್ಯೆಯೂ ಬದಲಾಗಬಹುದು. ಆದ್ದರಿಂದ ಸ್ಕ್ರಿಪ್ಟ್ ಬರೆಯುವವರು ಸಂಖ್ಯೆಯ ಬದಲು, ಪಾಯಿಂಟರ್ ಎಂಬ ಪದ ಮತ್ತು ಎರಡು ಚುಕ್ಕೆಯ ನಂತರ ಸಾಧನದ ಹೆಸರು ಬರೆಯುವುದು ಲೇಸು. ಒಂದೇ ಹೆಸರಿನಲ್ಲಿ ಕೀಬೋರ್ಡ್ ಭಾಗವೂ ಇರುವ ಮೌಸ್‌ಗಳಲ್ಲಿ ಈ ಪೂರ್ವಪದ ಇಲ್ಲದಿದ್ದರೆ ಕಮಾಂಡ್‌ಗೆ ಗೊಂದಲವಾಗುತ್ತದೆ.

ಹೊಂದಾಣಿಕೆ ಶಾಶ್ವತವಾಗಿ ಉಳಿಯಬೇಕಿದ್ದರೆ ಇಟಿಸಿ ಫೋಲ್ಡರಿನ ಎಕ್ಸ್11 (ಇಲ್ಲಿ ಎಕ್ಸ್ ದೊಡ್ಡ ಅಕ್ಷರ) ಒಳಗಿರುವ ಎಕ್ಸ್‌ಆರ್ಗ್ ಡಾಟ್ ಕಾನ್ಫ್ ಡಾಟ್ ಡಿ ಎಂಬ ಫೋಲ್ಡರಿನಲ್ಲಿ ಒಂದು ಸಣ್ಣ ಫೈಲ್ ಇಡಬೇಕು. ಇನ್‌ಪುಟ್‌ಕ್ಲಾಸ್ ಎಂಬ ವಿಭಾಗದಲ್ಲಿ ಮ್ಯಾಚ್‌ಪ್ರಾಡಕ್ಟ್ ಸಾಲಿಗೆ ಮೌಸ್‌ನ ಹೆಸರನ್ನೂ, ಬಟನ್‌ಮ್ಯಾಪಿಂಗ್ ಆಯ್ಕೆಗೆ ಮೇಲಿನ ಅಂಕಿಗಳ ಸಾಲನ್ನೂ ಕೊಟ್ಟರಾಯಿತು. ಇದೇ ಫೈಲಿನಲ್ಲಿ ಇನ್ನೂ ಎರಡು ಒಳ್ಳೆಯ ಆಯ್ಕೆಗಳಿವೆ. ಸ್ಕ್ರೋಲ್‌ಮೆಥಡ್‌ಗೆ ಬಟನ್ ಎಂದೂ ಸ್ಕ್ರೋಲ್‌ಬಟನ್‌ಗೆ 8 ಎಂದೂ ಕೊಟ್ಟರೆ, ಪಕ್ಕದ ಬಟನ್ ಒತ್ತಿ ಹಿಡಿದು ಮೌಸ್ ಸರಿಸಿದಾಗ ಪುಟ ಸರಿಯುತ್ತದೆ. ದಾಲ್ ಮಿಲ್ ಕಚೇರಿಗಳ ಉದ್ದುದ್ದ ಲೆಕ್ಕದ ಹಾಳೆಗಳಲ್ಲಿ ಬೆರಳಿಗೆ ಇದು ಬಹಳ ಆರಾಮ. ಡ್ರ್ಯಾಗ್‌ಲಾಕ್‌ಬಟನ್ಸ್‌ಗೆ 9 1 ಎಂದು ಕೊಟ್ಟರೆ ಒಂಬತ್ತನೆಯ ಬಟನ್ ಒಮ್ಮೆ ಒತ್ತಿದಾಗ ಎಡ ಬಟನ್ ಒತ್ತಿ ಹಿಡಿದಂತೆ ಉಳಿದು, ಮತ್ತೊಮ್ಮೆ ಒತ್ತಿದಾಗ ಬಿಡುತ್ತದೆ. ಪುಟವಿನ್ಯಾಸದಲ್ಲಿ ದಿನವಿಡೀ ಚಿತ್ರ ಎಳೆದು ಕೂರಿಸುವವರ ಮಣಿಕಟ್ಟಿಗೆ ಇದಕ್ಕಿಂತ ಒಳ್ಳೆಯ ಹೊಂದಾಣಿಕೆಯನ್ನು ಸೂಚಿಸುವುದು ಕಷ್ಟ.

ವೇಲ್ಯಾಂಡ್‌ನಲ್ಲಿ ಏನು ಮಾಡಬೇಕು?

ಕೆಡಿಇ ಪ್ಲಾಸ್ಮಾ ಡೆಸ್ಕ್‌ಟಾಪ್ ಬಳಸುವವರು ಅದೃಷ್ಟವಂತರು. ಅದರ ಇತ್ತೀಚಿನ ಆವೃತ್ತಿಗಳ ಮೌಸ್ ಸೆಟ್ಟಿಂಗ್ಸ್‌ನಲ್ಲಿಯೇ ಹೆಚ್ಚುವರಿ ಬಟನ್‌ಗಳಿಗೆ ಕೀಬೋರ್ಡ್ ಶಾರ್ಟ್‌ಕಟ್ ಹಚ್ಚುವ ಸೌಲಭ್ಯವಿದೆ. ಗ್ನೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಇಂಥದ್ದು ಇಲ್ಲ.

ಗ್ನೋಮ್‌ಗೆ ಮತ್ತು ಉಳಿದ ಡೆಸ್ಕ್‌ಟಾಪ್‌ಗಳಿಗೆ ಇನ್‌ಪುಟ್-ರೀಮ್ಯಾಪರ್ ತಂತ್ರಾಂಶವನ್ನು ಮೊದಲು ಪ್ರಯತ್ನಿಸಬೇಕು. ಇದು ಕರ್ನಲ್ ಮಟ್ಟದಲ್ಲಿ ನಿಜವಾದ ಮೌಸನ್ನು ತನ್ನ ವಶಕ್ಕೆ ತೆಗೆದುಕೊಂಡು, ಅದರ ಬದಲು ಒಂದು ಕಲ್ಪಿತ ಸಾಧನವನ್ನು ಡೆಸ್ಕ್‌ಟಾಪ್‌ಗೆ ತೋರಿಸುತ್ತದೆ. ಹೀಗಾಗಿ ಎಕ್ಸ್ ಇರಲಿ, ವೇಲ್ಯಾಂಡ್ ಇರಲಿ, ಕೆಲಸ ಒಂದೇ ರೀತಿ ನಡೆಯುತ್ತದೆ. ಸಾಧನ ಆರಿಸಿ, ಹೊಸ ಪ್ರಿಸೆಟ್ ತೆರೆದು, ರೆಕಾರ್ಡ್ ಒತ್ತಿ, ಮೌಸ್‌ನ ಬಟನ್ ಒತ್ತಿ, ಬಲಗಡೆ ಬೇಕಾದ ಕೀಲಿಯ ಹೆಸರು ಬರೆದು ಅನ್ವಯಿಸಬೇಕು. ಕಂಪ್ಯೂಟರ್ ಪ್ರತಿ ಸಲ ಆರಂಭವಾದಾಗಲೂ ತಾನಾಗಿಯೇ ಜಾರಿಗೆ ಬರಬೇಕಿದ್ದರೆ ಆಟೋಲೋಡ್ ಆಯ್ಕೆಯನ್ನು ಹಚ್ಚಲು ಮರೆಯಬಾರದು. ಹೊಂದಾಣಿಕೆ ಮರುದಿನ ಮಾಯವಾಯಿತು ಎಂಬ ದೂರು ಬಹುಪಾಲು ಈ ಒಂದು ಆಯ್ಕೆಯಿಂದಲೇ ಹುಟ್ಟುತ್ತದೆ. ಎಡ ಬಟನ್‌ಗೆ ಮಾತ್ರ ಯಾವ ಪ್ರಯೋಗವನ್ನೂ ಮಾಡಬೇಡಿ.

ಒಂದೇ ಆಮಂತ್ರಣ ಪತ್ರಿಕೆಯಲ್ಲಿ ಕನ್ನಡ, ಮರಾಠಿ, ಉರ್ದು, ಇಂಗ್ಲಿಷ್ ನಾಲ್ಕೂ ಬರುತ್ತವೆ. ಮೌಸ್ ಬಟನ್‌ನಿಂದ ಭಾಷೆ ಬದಲಿಸಬಹುದೇ?

ಬದಲಿಸಬಹುದು, ಮತ್ತು ನಮ್ಮ ಭಾಗದ ಡಿಟಿಪಿ ಕೆಲಸಕ್ಕೆ ಪಕ್ಕದ ಬಟನ್‌ಗಳ ಅತ್ಯುತ್ತಮ ಉಪಯೋಗ ಇದೇ ಎಂದು ಹೇಳಬೇಕು. ಬೀದರ್‌ನಲ್ಲಿ ಮದುವೆ ಪತ್ರಿಕೆಯ ಒಂದು ಪುಟ ಕನ್ನಡದಲ್ಲಿ, ಇನ್ನೊಂದು ಮರಾಠಿಯಲ್ಲಿ, ಹೆಸರುಗಳು ಉರ್ದುವಿನಲ್ಲಿ ಇರುವುದು ಹೊಸದೇನಲ್ಲ. ಪಠ್ಯಚೌಕಟ್ಟನ್ನು ಮೌಸ್‌ನಿಂದ ಆರಿಸಿ, ಭಾಷೆ ಬದಲಿಸಲು ಕೈಯನ್ನು ಕೀಬೋರ್ಡಿಗೆ ಒಯ್ದು, ಮತ್ತೆ ಮೌಸ್‌ಗೆ ತರುವ ಶ್ರಮ ಇದರಿಂದ ಉಳಿಯುತ್ತದೆ.

ಮೊದಲು ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಬೇಕಾದ ವಿನ್ಯಾಸಗಳನ್ನು ಸೇರಿಸಿ. ಕನ್ನಡಕ್ಕೂ ಮರಾಠಿಗೂ ಕಗಪ ವಿನ್ಯಾಸ ಲಿನಕ್ಸ್‌ನ ಮೂಲ ಕೀಬೋರ್ಡ್ ಪಟ್ಟಿಯಲ್ಲಿಯೇ ಇದೆ. ನುಡಿಯ ಅಭ್ಯಾಸವಿರುವವರಿಗೆ ಅದೇ ಸುಲಭ. ಉರ್ದುವಿಗೆ ಫೊನೆಟಿಕ್ ವಿನ್ಯಾಸ ಇದೆ. ಎಕ್ಸ್‌ಕೆಬಿ ಎಂಬ ಮೂಲ ವ್ಯವಸ್ಥೆ ಒಮ್ಮೆಗೆ ನಾಲ್ಕು ವಿನ್ಯಾಸಗಳನ್ನು ಮಾತ್ರ ಹಿಡಿಯಬಲ್ಲದು, ಮತ್ತು ಇಲ್ಲಿ ಬೇಕಾದದ್ದೂ ನಾಲ್ಕೇ. ಐದನೆಯದಾಗಿ ಹಿಂದಿ ಸೇರಿಸಬೇಕೆನ್ನುವವರು ಐಬಸ್ ಎಂಬ ಭಾಷಾ ಟೈಪಿಂಗ್ ತಂತ್ರಾಂಶದ ಮೂಲಕ ಸೇರಿಸಿಕೊಳ್ಳಬಹುದು.

ಗ್ನೋಮ್‌ನಲ್ಲಿ ಭಾಷೆ ಬದಲಿಸುವ ಶಾರ್ಟ್‌ಕಟ್ ಸೂಪರ್ (ವಿಂಡೋಸ್ ಚಿಹ್ನೆಯ ಕೀಲಿ) ಮತ್ತು ಸ್ಪೇಸ್. ಹಿಂದಕ್ಕೆ ಹೋಗಲು ಇದಕ್ಕೆ ಶಿಫ್ಟ್ ಸೇರುತ್ತದೆ. ಇನ್‌ಪುಟ್-ರೀಮ್ಯಾಪರ್‌ನಲ್ಲಿ ಒಂದು ಪಕ್ಕದ ಬಟನ್‌ಗೆ ಎಡ ಸೂಪರ್ ಮತ್ತು ಸ್ಪೇಸ್ ಹೆಸರುಗಳನ್ನು ನಡುವೆ ಸಂಕಲನ ಚಿಹ್ನೆ ಹಾಕಿ ಬರೆಯಬೇಕು, ಇನ್ನೊಂದಕ್ಕೆ ಶಿಫ್ಟ್ ಸೇರಿಸಿ ಬರೆಯಬೇಕು. ಗ್ನೋಮ್ ಈ ಪಟ್ಟಿಯನ್ನು ಇತ್ತೀಚೆಗೆ ಬಳಸಿದ ಕ್ರಮದಲ್ಲಿ ಇಟ್ಟುಕೊಳ್ಳುವುದರಿಂದ, ಬಟನ್ ಒಮ್ಮೆ ಒತ್ತಿದರೆ ಈಚೆಗೆ ಬಳಸಿದ ಎರಡು ಭಾಷೆಗಳ ನಡುವೆ ಮಾತ್ರ ಅದಲುಬದಲಾಗುತ್ತದೆ. ಇದನ್ನು ದೋಷವೆಂದು ತಿಳಿಯಬೇಕಾಗಿಲ್ಲ. ಕನ್ನಡ ಮತ್ತು ಇಂಗ್ಲಿಷ್ ನಡುವೆಯೇ ದಿನವೆಲ್ಲ ಓಡಾಡುವ ಕಲಬುರಗಿಯ ಟೈಪಿಂಗ್ ಅಂಗಡಿಯವರಿಗೆ ಈ ಕ್ರಮವೇ ಅನುಕೂಲ.

ಉರ್ದು ಚೌಕಟ್ಟಿನಲ್ಲಿ ಬರವಣಿಗೆ ಬಲದಿಂದ ಎಡಕ್ಕೆ ಹರಿಯುವಂತೆ ಮಾಡುವುದು ಪುಟವಿನ್ಯಾಸದ ತಂತ್ರಾಂಶದ ಕೆಲಸ. ಲಿಬ್ರೆಆಫೀಸ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಡಿ ಒತ್ತಿದರೆ ಪ್ಯಾರಾದ ದಿಕ್ಕು ಬಲದಿಂದ ಎಡಕ್ಕಾಗುತ್ತದೆ, ಕಂಟ್ರೋಲ್, ಶಿಫ್ಟ್ ಮತ್ತು ಎ ಒತ್ತಿದರೆ ಮರಳಿ ಎಡದಿಂದ ಬಲಕ್ಕಾಗುತ್ತದೆ. ಆದರೆ ಈ ಶಾರ್ಟ್‌ಕಟ್‌ಗಳು ನಡೆಯಲು ಅದರ ಭಾಷಾ ಸೆಟ್ಟಿಂಗ್ಸ್‌ನಲ್ಲಿ ಸಂಕೀರ್ಣ ಲಿಪಿಗಳ ಆಯ್ಕೆ ತೆರೆದಿರಬೇಕು.

ಇಂಕ್‌ಸ್ಕೇಪ್‌ನಲ್ಲಿ ಬಿದ್ರಿ ಕುಸುರಿಯಂಥ ಸೂಕ್ಷ್ಮ ವಿನ್ಯಾಸ ಬಿಡಿಸುವಾಗ ಯಾವ ಕೆಲಸಗಳನ್ನು ಬಟನ್‌ಗೆ ಕೊಡಬೇಕು?

ಎರಡೇ ಸಾಕು. ಒಂದಕ್ಕೆ ಕಂಟ್ರೋಲ್ ಮತ್ತು ಜೆಡ್, ಅಂದರೆ ಮಾಡಿದ್ದನ್ನು ಹಿಂತೆಗೆಯುವುದು. ಇನ್ನೊಂದಕ್ಕೆ 5 ಎಂಬ ಕೀಲಿ, ಅಂದರೆ ಇಡೀ ಪುಟ ಪರದೆಗೆ ಹೊಂದುವಂತೆ ಕುಗ್ಗಿಸುವುದು. ಎಲೆ ಬಳ್ಳಿಯ ಒಂದು ಸುರುಳಿಯನ್ನು ದೊಡ್ಡದು ಮಾಡಿ ತಿದ್ದಿ, ಇಡೀ ಹೂಜಿಯ ಮೇಲೆ ಅದು ಹೇಗೆ ಕೂತಿದೆ ಎಂದು ಮತ್ತೆ ಮತ್ತೆ ನೋಡುವ ಕೆಲಸದಲ್ಲಿ ಈ ಎರಡನೆಯದು ಹೆಚ್ಚು ಬಳಕೆಯಾಗುತ್ತದೆ. ಪುಟವನ್ನು ಅತ್ತಿತ್ತ ಸರಿಸಲು ನಡುವಿನ ಬಟನ್ ಒತ್ತಿ ಎಳೆದರೆ ಇಂಕ್‌ಸ್ಕೇಪ್ ತಾನೇ ಸರಿಸುತ್ತದೆ. ಎಲ್ಲ ಬಟನ್‌ಗಳಿಗೂ ಒಂದೊಂದು ಕೆಲಸ ಹಚ್ಚಿ, ವಾರದ ಬಳಿಕ ಯಾವುದು ಯಾವುದೆಂದು ನೆನಪಾಗದೆ ಒದ್ದಾಡುವವರೇ ಹೆಚ್ಚು.

ಪಕ್ಕದಲ್ಲಿ ಹನ್ನೆರಡು ಬಟನ್‌ಗಳಿರುವ ಮೌಸ್ ತಂದೆ. ಒತ್ತಿದರೆ ಅಂಕಿಗಳು ಟೈಪ್ ಆಗುತ್ತವೆ. ಮೌಸ್ ಕೆಟ್ಟಿದೆಯೇ?

ಕೆಟ್ಟಿಲ್ಲ. ಆಟಗಳಿಗಾಗಿ ಮಾಡಿದ ಇಂಥ ಮೌಸ್‌ಗಳು ಕಂಪ್ಯೂಟರಿಗೆ ಒಂದು ಮೌಸ್ ಮತ್ತು ಒಂದು ಕೀಬೋರ್ಡ್ ಎಂಬಂತೆ ಎರಡು ಸಾಧನಗಳಾಗಿ ಕಾಣಿಸಿಕೊಂಡು, ಪಕ್ಕದ ಬಟನ್‌ಗಳಿಂದ ಅಂಕಿಗಳನ್ನು ಕಳಿಸುತ್ತವೆ. ಇನ್‌ಪುಟ್-ರೀಮ್ಯಾಪರ್‌ನಲ್ಲಿ ಆ ಸಾಧನವನ್ನು ಆರಿಸಿದರೆ ಈ ಅಂಕಿಗಳನ್ನು ಬೇರೆ ಕೀಲಿಗಳಾಗಿ ತಿರುಗಿಸಬಹುದು. ನಿಮ್ಮ ನಿಜವಾದ ಕೀಬೋರ್ಡಿನ ಅಂಕಿಗಳಿಗೆ ಅದರಿಂದ ತೊಂದರೆಯಾಗುವುದಿಲ್ಲ. ರೇಜರ್ ಮೌಸ್‌ಗಳಿಗೆ ಓಪನ್‌ರೇಜರ್ ಡ್ರೈವರ್ ಮತ್ತು ಪಾಲಿಕ್ರೊಮ್ಯಾಟಿಕ್ ಎಂಬ ಕಿಟಕಿ ರೂಪದ ತಂತ್ರಾಂಶ ಪ್ರತ್ಯೇಕವಾಗಿವೆ.

ಡಿಪಿಐ ಬಟನ್‌ಗೆ ಬೇರೆ ಕೆಲಸ ಕೊಡಬಹುದೇ?

ಮೌಸ್‌ನ ಒಳಗೆ ನೆನಪಿನ ಚಿಪ್ ಇದ್ದು, ಅದಕ್ಕೆ ಬರೆಯುವ ಬಗೆ ಲಿನಕ್ಸ್‌ನವರಿಗೆ ತಿಳಿದಿದ್ದರೆ ಕೊಡಬಹುದು. ಪೈಪರ್ ಎಂಬ ತಂತ್ರಾಂಶ ಲಿಬ್‌ರ‍್ಯಾಟ್‌ಬ್ಯಾಗ್‌ನ ನೆರವಿನಿಂದ ಈ ಕೆಲಸ ಮಾಡುತ್ತದೆ. ಲಾಜಿಟೆಕ್, ಸ್ಟೀಲ್‌ಸೀರೀಸ್, ರೋಕ್ಯಾಟ್ ಮೊದಲಾದವರ ಹಲವು ಮಾದರಿಗಳನ್ನು ಅದು ಬಲ್ಲದು. ಹೊಂದಾಣಿಕೆ ಮೌಸ್‌ನಲ್ಲಿಯೇ ಉಳಿಯುವುದರಿಂದ ಅದನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೂ, ಅದು ವಿಂಡೋಸ್ ಆಗಿದ್ದರೂ, ಬಟನ್‌ಗಳು ಹಾಗೆಯೇ ನಡೆದುಕೊಳ್ಳುತ್ತವೆ. ಲಾಜಿಟೆಕ್‌ನ ತಂತಿರಹಿತ ಮೌಸ್‌ಗಳಿಗೆ ಸೋಲಾರ್ ಎಂಬ ತಂತ್ರಾಂಶವೂ ಇದೆ. ಹೆಸರಿಲ್ಲದ ಅಗ್ಗದ ಮೌಸ್‌ಗಳು ಈ ಪಟ್ಟಿಗಳಲ್ಲಿ ಸಿಗುವುದು ಅಪರೂಪ, ಆದ್ದರಿಂದ ಕೊಳ್ಳುವ ಮುಂಚೆಯೇ ಪಟ್ಟಿಯಲ್ಲಿ ಮಾದರಿಯ ಹೆಸರು ನೋಡುವುದು ಒಳ್ಳೆಯದು.

ಕಾಲೇಜಿನ ಪ್ರಯೋಗಾಲಯದಲ್ಲಿ ಒಂದೇ ಮಾದರಿಯ ಮೌಸ್‌ಗಳಿವೆ. ಎಲ್ಲವಕ್ಕೂ ಒಂದೇ ಹೊಂದಾಣಿಕೆ ಮಾಡುವ ಸುಲಭ ದಾರಿ ಯಾವುದು?

ಸಾಧನಗಳನ್ನು ಗುರುತಿಸುವ ಯುಡೆವ್ ವ್ಯವಸ್ಥೆಯ ಎಚ್‌ಡಬ್ಲ್ಯೂಡಿಬಿ ಎಂಬ ಯಂತ್ರಾಂಶ ಪಟ್ಟಿಯಲ್ಲಿ ಒಂದು ನಮೂದು ಸೇರಿಸುವುದು ಅತ್ಯಂತ ಸ್ವಚ್ಛವಾದ ದಾರಿ. ಇಟಿಸಿಯಲ್ಲಿ ಯುಡೆವ್ ಒಳಗಿನ ಎಚ್‌ಡಬ್ಲ್ಯೂಡಿಬಿ ಡಾಟ್ ಡಿ ಫೋಲ್ಡರಿನಲ್ಲಿ ಫೈಲ್ ಮಾಡಿ, ಮೊದಲ ಸಾಲಿನಲ್ಲಿ ಎಲ್‌ಎಸ್‌ಯುಎಸ್‌ಬಿ ತೋರಿಸಿದ ತಯಾರಕ ಮತ್ತು ಮಾದರಿ ಸಂಖ್ಯೆಗಳನ್ನು ದೊಡ್ಡ ಅಕ್ಷರಗಳಲ್ಲಿ, ಯುಎಸ್‌ಬಿಯ ಗುರುತಾದ 0003 ಜೊತೆಗೆ ಬರೆಯಬೇಕು. ಮುಂದಿನ ಸಾಲು ಒಂದು ಖಾಲಿ ಜಾಗ ಬಿಟ್ಟು ಆರಂಭವಾಗಬೇಕು. ಆ ಜಾಗ ತಪ್ಪಿದರೆ ಇಡೀ ನಮೂದು ನಿಷ್ಫಲ. ಅಲ್ಲಿ ಬಟನ್‌ನ ಸ್ಕ್ಯಾನ್ ಸಂಖ್ಯೆಗೆ ಹೊಸ ಕೀಲಿಯ ಹೆಸರನ್ನು ಸಣ್ಣ ಅಕ್ಷರಗಳಲ್ಲಿ ಕೊಡಬೇಕು. ಇವಿಟೆಸ್ಟ್ ತೋರಿಸುವ ಈ ಸಂಖ್ಯೆ ಮೊದಲ ಪಕ್ಕದ ಬಟನ್‌ಗೆ ಸಾಮಾನ್ಯವಾಗಿ 90004, ಎರಡನೆಯದಕ್ಕೆ 90005.

ಅನಂತರ ಸಿಸ್ಟಮ್‌ಡಿ-ಎಚ್‌ಡಬ್ಲ್ಯೂಡಿಬಿಗೆ ಅಪ್‌ಡೇಟ್ ಎಂದು ಕೊಟ್ಟು, ಮೌಸ್ ಕಿತ್ತು ಮರಳಿ ಸಿಕ್ಕಿಸಬೇಕು. ಹಿನ್ನೆಲೆಯಲ್ಲಿ ಯಾವ ತಂತ್ರಾಂಶವೂ ನಡೆಯಬೇಕಾಗಿಲ್ಲ, ಎಕ್ಸ್ ಮತ್ತು ವೇಲ್ಯಾಂಡ್ ಎರಡರಲ್ಲೂ ಫಲಿಸುತ್ತದೆ, ಅದೇ ಫೈಲನ್ನು ಎಲ್ಲ ಕಂಪ್ಯೂಟರುಗಳಿಗೂ ನಕಲು ಮಾಡಿ, ಪ್ರತಿಯೊಂದರಲ್ಲೂ ಹೀಗೆಯೇ ಅಪ್‌ಡೇಟ್ ಕೊಟ್ಟರೆ ಕೆಲಸ ಮುಗಿಯಿತು. ಒಂದೇ ಕೊರತೆಯೆಂದರೆ ಒಂದು ಬಟನ್‌ಗೆ ಒಂದೇ ಕೀಲಿ. ಎರಡು ಮೂರು ಕೀಲಿಗಳ ಜೋಡಣೆ ಇಲ್ಲಿ ಸಾಧ್ಯವಿಲ್ಲ.

ಸ್ಕ್ರೋಲ್ ಚಕ್ರ ಅಕಸ್ಮಾತ್ ಒತ್ತಿದರೆ ಎಲ್ಲಿಯದೋ ಪಠ್ಯ ನಡುವೆ ಬಂದು ಕೂರುತ್ತದೆ.

ಮೌಸ್‌ನಿಂದ ಆರಿಸಿದ ಪಠ್ಯವನ್ನು ನಡುವಿನ ಬಟನ್ ಒತ್ತಿದಲ್ಲಿ ಅಂಟಿಸುವುದು ಎಕ್ಸ್ ಕಾಲದಿಂದ ಬಂದ ಪದ್ಧತಿ. ಅಭ್ಯಾಸವಾದವರಿಗೆ ಇದು ಪ್ರಿಯ, ವಿಂಡೋಸ್‌ನಿಂದ ಬಂದವರಿಗೆ ಕಿರುಕುಳ. ಗ್ನೋಮ್ ಟ್ವೀಕ್ಸ್ ತಂತ್ರಾಂಶದ ಮೌಸ್ ವಿಭಾಗದಲ್ಲಿ ಇದನ್ನು ನಿಲ್ಲಿಸುವ ಆಯ್ಕೆ ಇದೆ.

ಎಡಗೈಯವರಿಗೆ ಬೇರೆ ಏನಾದರೂ ಬೇಕೇ?

ಮೌಸ್ ಸೆಟ್ಟಿಂಗ್ಸ್‌ನಲ್ಲಿ ಮುಖ್ಯ ಬಟನ್ ಬಲಗಡೆಯದು ಎಂದು ಆರಿಸಿದರೆ ಸಾಕು. ಆದರೆ ಹೆಬ್ಬೆರಳಿನ ಬಟನ್‌ಗಳು ಎಡಗಡೆ ಮಾತ್ರ ಇರುವ ಮೌಸ್ ಎಡಗೈಗೆ ಒಗ್ಗುವುದಿಲ್ಲ. ಎರಡೂ ಬದಿ ಒಂದೇ ಆಕಾರವಿರುವ ಮೌಸ್ ಕೊಳ್ಳಬೇಕು.

ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತಾಗುತ್ತದೆ. ಇದು ಲಿನಕ್ಸ್ ದೋಷವೇ?

ಬಹುಪಾಲು ಅಲ್ಲ. ಬಟನ್‌ನ ಕೆಳಗಿರುವ ಪುಟ್ಟ ಸ್ವಿಚ್‌ನ ಲೋಹದ ಎಲೆ ಸವೆದರೆ, ಒಮ್ಮೆ ಒತ್ತಿದಾಗಲೇ ಸಂಪರ್ಕ ಕಡಿದು ಕೂಡುತ್ತದೆ. ತೊಗರಿ ಸುಗ್ಗಿಯ ಹೊತ್ತಿನಲ್ಲಿ ಗಂಜ್‌ನ ಅಡತ್ ಅಂಗಡಿಗಳಲ್ಲಿ ಹಾರುವ ಹೊಟ್ಟಿನ ಧೂಳೂ ಬಟನ್‌ಗಳ ಸಂದಿಗೆ ಇಳಿಯುತ್ತದೆ. ಲಿಬ್‌ಇನ್‌ಪುಟ್ ಇಂಥ ಅತಿ ವೇಗದ ಮರುಒತ್ತುವಿಕೆಯನ್ನು ಗುರುತಿಸಿ ಸೋಸುತ್ತದೆಯಾದರೂ ಅದಕ್ಕೂ ಮಿತಿಯಿದೆ. ಇವಿಟೆಸ್ಟ್ ಸೋಸುವ ಹಂತಕ್ಕೂ ಮುಂಚಿನ ಚಿತ್ರ ಕೊಡುತ್ತದೆ. ಅಲ್ಲಿ ಒಂದು ಒತ್ತಿಗೆ ಎರಡು ಜೋಡಿ ಸಾಲುಗಳು ಬಂದರೆ ಸ್ವಿಚ್ ಬದಲಿಸಬೇಕು, ಇಲ್ಲವೇ ಹೆಚ್ಚು ಸವೆದ ಬಟನ್‌ನ ಕೆಲಸವನ್ನು ಮೇಲೆ ಹೇಳಿದಂತೆ ಪಕ್ಕದ ಬಟನ್‌ಗೆ ಕೊಟ್ಟು ಕೆಲಕಾಲ ನಡೆಸಬಹುದು.

ಅಂಗಡಿಯ ಮೇಜು ನುಣುಪಾದ ಶಹಾಬಾದ್ ಕಲ್ಲಿನದು. ಪಾಯಿಂಟರ್ ಜಿಗಿಯುತ್ತದೆ.

ಮೌಸ್ ತನ್ನ ಕೆಳಗಿನ ಮೇಲ್ಮೈಯ ಚಿತ್ರಗಳನ್ನು ಒಂದರ ಹಿಂದೊಂದು ತೆಗೆದು, ಹೋಲಿಸಿ ಚಲನೆಯನ್ನು ಲೆಕ್ಕ ಹಾಕುತ್ತದೆ. ಪಾಲಿಶ್ ಹಿಡಿದ ಕಲ್ಲಿನ ಹೊಳಪಿನಲ್ಲಿ ಗುರುತು ಹಿಡಿಯಲು ಏನೂ ಸಿಗದು. ಬಟ್ಟೆಯ ಮೌಸ್‌ಪ್ಯಾಡ್ ಹಾಕಿ. ಅದಾದ ಮೇಲೂ ಪಾಯಿಂಟರ್ ಕೈಗೆ ಸಿಗದಷ್ಟು ಓಡುತ್ತಿದ್ದರೆ ಮಾತ್ರ ಮೌಸ್ ಸೆಟ್ಟಿಂಗ್ಸ್‌ನಲ್ಲಿ ವೇಗವರ್ಧನೆಯನ್ನು ನಿಲ್ಲಿಸಿ ನೋಡಬೇಕು. ಆಗ ಕೈ ಸರಿದಷ್ಟೇ ಪ್ರಮಾಣದಲ್ಲಿ ಪಾಯಿಂಟರ್ ಸರಿಯುತ್ತದೆ, ಸೂಕ್ಷ್ಮ ವಿನ್ಯಾಸದವರು ಇದನ್ನೇ ಇಷ್ಟಪಡುತ್ತಾರೆ.

ಸ್ವಲ್ಪ ಹೊತ್ತು ಬಿಟ್ಟರೆ ಮೌಸ್ ಮಲಗುತ್ತದೆ, ಮೊದಲ ಒತ್ತು ವ್ಯರ್ಥವಾಗುತ್ತದೆ.

ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿ ಹೆಚ್ಚು ಹೊತ್ತು ಬರಲೆಂದು ಪವರ್‌ಟಾಪ್‌ನ ಸ್ವಯಂಚಾಲಿತ ಹೊಂದಾಣಿಕೆಯನ್ನು ಹಚ್ಚಿದ್ದರೆ, ಅದು ಯುಎಸ್‌ಬಿ ಮೌಸನ್ನೂ ಬಿಡದೆ ಮಲಗಿಸುತ್ತದೆ. ಪವರ್‌ಟಾಪ್‌ನಲ್ಲಿ ಮೌಸ್‌ನ ಸಾಲನ್ನು ಹಿಂದಿನ ಸ್ಥಿತಿಗೆ ತನ್ನಿ. ಬ್ಯಾಟರಿ ಉಳಿಸಲು ಟಿಎಲ್‌ಪಿ ಬಳಸಿದರೆ ಈ ತೊಂದರೆ ಬರುವುದಿಲ್ಲ, ಏಕೆಂದರೆ ಅದು ಮೌಸ್ ಮತ್ತು ಕೀಬೋರ್ಡ್‌ಗಳನ್ನು ತಾನಾಗಿಯೇ ಹೊರಗಿಡುತ್ತದೆ.

ತಪ್ಪು ಹೊಂದಾಣಿಕೆ ಕೊಟ್ಟು ಎಡ ಬಟನ್ನೇ ನಿಂತುಹೋಗಿದೆ. ಏನು ಮಾಡಲಿ?

ಎಕ್ಸ್‌ಇನ್‌ಪುಟ್‌ನಿಂದ ಆಗಿದ್ದರೆ ಮೌಸ್ ಕಿತ್ತು ಮತ್ತೆ ಸಿಕ್ಕಿಸಿ, ಅಷ್ಟು ಸಾಕು. ಇನ್‌ಪುಟ್-ರೀಮ್ಯಾಪರ್‌ನಿಂದ ಆಗಿದ್ದರೆ ಉಬುಂಟು ಮತ್ತು ಮಿಂಟ್‌ಗಳಲ್ಲಿ ಕಂಟ್ರೋಲ್, ಆಲ್ಟ್ ಮತ್ತು ಟಿ ಒತ್ತಿ ಟರ್ಮಿನಲ್ ತೆರೆದು, ಸುಡೋ ಸಹಿತ ಸಿಸ್ಟಮ್‌ಸಿಟಿಎಲ್‌ಗೆ ಸ್ಟಾಪ್ ಎಂದೂ ಇನ್‌ಪುಟ್-ರೀಮ್ಯಾಪರ್ ಎಂದೂ ಕೊಡಿ. ಮೌಸ್ ತನ್ನ ಮೂಲ ರೂಪಕ್ಕೆ ಮರಳುತ್ತದೆ. ಎಚ್‌ಡಬ್ಲ್ಯೂಡಿಬಿ ಫೈಲಿನಿಂದ ಆಗಿದ್ದರೆ ಆ ಫೈಲ್ ತೆಗೆದು, ಪಟ್ಟಿಯನ್ನು ಮತ್ತೊಮ್ಮೆ ಅಪ್‌ಡೇಟ್ ಮಾಡಿ, ಮೌಸನ್ನು ಮರಳಿ ಸಿಕ್ಕಿಸಬೇಕು. ಎಕ್ಸ್‌ನ ಸಂರಚನಾ ಫೈಲಿನಲ್ಲಿ ತಪ್ಪಾಗಿ ಡೆಸ್ಕ್‌ಟಾಪೇ ತೆರೆಯದಿದ್ದರೆ ಕಂಟ್ರೋಲ್, ಆಲ್ಟ್ ಮತ್ತು ಎಫ್3 ಒತ್ತಿ. ಬರುವ ಕಪ್ಪು ಪರದೆಯಲ್ಲಿ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಒಳಹೋಗಿ, ನೀವು ಸೇರಿಸಿದ ಫೈಲನ್ನು ಅಳಿಸಿ, ಕಂಪ್ಯೂಟರನ್ನು ಮರು ಆರಂಭಿಸಿ.